ಷಡ್ಡಕನ ಕಂಪ್ಯೂಟರೂ ಹದಿನೈದು ನಿಮಿಷದ ಮೌನವೂ

ನಮ್ಮ ಬಂಧುಬಳಗಕ್ಕೆ ಮೊತ್ತಮೊದಲು ಕಂಪ್ಯೂಟರ್ ತಂದ ಮಹಾಪುರುಷ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಊಟದ ತಟ್ಟೆಯಷ್ಟು ಅಗಲದ ಡಬ್ಬಿ, ರಬ್ಬರ್ ಗುಂಡಿಗಳು, ತೆರೆಯೆಂದರೆ ಮನೆಯ ಟಿವಿಯೇ. ಕರೆಂಟ್ ಹೋದರೆ ಅದರ ನೆನಪೆಲ್ಲ ಮಾಯ. ಹಾಗಾಗಿ ಕ್ಯಾಸೆಟ್ಟಿನಲ್ಲಿ ಕೀ ಎಂಬ ಸದ್ದಾಗಿ ಉಳಿಸಿಟ್ಟ ಪ್ರೋಗ್ರಾಮನ್ನು ಪ್ರತಿ ಸಲವೂ ಟೇಪ್ ರೆಕಾರ್ಡರಿನಿಂದ ಅದಕ್ಕೆ ಕುಡಿಸಬೇಕು. ಕ್ಯಾಸೆಟ್ ಹದಿನೈದು ನಿಮಿಷ ಕಿರುಚುವಾಗ ಷಡ್ಡಕ ಬಾಗಿಲು ಹಾಕಿಕೊಳ್ಳುತ್ತಿದ್ದ. ಯಾರು ನಡೆದಾಡಿದರೂ ನೆಲ ಅದುರಿ ಎಲ್ಲ ಹಾಳಂತೆ. ಆಗ ಆ ಮನೆಯ ಕುಕ್ಕರ್ ಕೂಡ ಅನುಮತಿ ಕೇಳಿ ಕೂಗುತ್ತಿತ್ತೆಂದು ಐತಿಹ್ಯ.

“ಭಾವನ ಏಕಾಗ್ರತೆ ನೋಡಿ ಕಲೀರಿ,” ಅಂದಳು ಶಾರ್ಟ್‌ಹ್ಯಾಂಡ್ ಟೀಚರಾದ ನನ್ನವಳು. “ನಿಮಗೆ ಪೇಪರ್ ಬಿಡಿಸಿದ್ರೂ ಆಕಳಿಕೆ.”

ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತು. ಒಂದೇ ವಾರದಲ್ಲಿ ಭಾವನ ಹೆಸರನ್ನು ಅವಳ ಬಾಯಿಂದ ಅಳಿಸಿಬಿಡುತ್ತೇನೆಂದು ಪಣ ತೊಟ್ಟು, ಹಳೆಯದೊಂದು ಕಂಪ್ಯೂಟರ್ ಹೊತ್ತು ತಂದೆ. ಮೂರು ದಿನ ಟಿವಿಯನ್ನು ಯಾರಿಗೂ ಬಿಟ್ಟುಕೊಡದೆ ಕುಟ್ಟಿ ಕುಟ್ಟಿ, ತೆರೆಯ ಮೇಲೆ ಅವಳ ಹೆಸರು ಕುಣಿಯುವ ಪ್ರೋಗ್ರಾಮ್ ಬರೆದೆ. ಉಳಿಸಿಡಲು ನೋಡಿದರೆ ಕ್ಯಾಸೆಟ್ಟೇ ಇಲ್ಲ. ಮೇಜಿನ ಮೇಲೆ ಅವಳದೊಂದು ಸಿಕ್ಕಿತು. ಅದಕ್ಕೇ ತುಂಬಿಸಿ, ಹೊಸದು ತರಲು ಅಂಗಡಿಗೆ ಓಡಿದೆ. ಬರುವಷ್ಟರಲ್ಲಿ ಅವಳೂ ಇಲ್ಲ, ಕ್ಯಾಸೆಟ್ಟೂ ಇಲ್ಲ.

ಸಂಜೆ ಬಂದವಳು ಬ್ಯಾಗನ್ನು ಹೆಗಲಿನಿಂದ ಇಳಿಸಲೂ ಇಲ್ಲ.

“ಇವತ್ತು ಪರೀಕ್ಷೆ. ಡಿಕ್ಟೇಶನ್ ಕ್ಯಾಸೆಟ್ ಹಾಕಿದೆ. ಕೀ ಅಂತ ಕಿರುಚ್ತು.”

“ಪೂರ್ತಿ ಕಿರುಚ್ತಾ? ಮಧ್ಯೆ ಎಲ್ಲೂ ನಿಲ್ಲಲಿಲ್ವಾ?”

“ನಿಮಗೆ ಅದರದ್ದು ಚಿಂತೆ! ಮೂವತ್ತು ಜನ ಪೆನ್ಸಿಲ್ ಹಿಡ್ಕೊಂಡು ಕಂಗಾಲು. ಒಬ್ಬಳು ಮಾತ್ರ ಎರಡು ಪುಟ ಬರೆದುಕೊಟ್ಟಿದಾಳೆ. ಅದಕ್ಕೆಷ್ಟು ಮಾರ್ಕ್ಸ್ ಅಂತ ಪ್ರಿನ್ಸಿಪಾಲರು ನನ್ನ ಕೇಳ್ತಿದಾರೆ.” ಒಂದು ನಿಟ್ಟುಸಿರು. “ಭಾವ ಆಗಿದ್ರೆ ಹೀಗೆ ಮಾಡ್ತಿದ್ರಾ?”

ಅಳಿಸಬೇಕಾದ ಹೆಸರು ಅಲ್ಲೇ ಗಟ್ಟಿಯಾಗಿ ಕೂತಿತ್ತು.

ಭಾನುವಾರ ಮಾನ ಬದಿಗಿಟ್ಟು ಷಡ್ಡಕನ ಮನೆಗೆ ಹೋದೆ. ಒಳಗೆ ಕ್ಯಾಸೆಟ್ ಕಿರುಚುತ್ತಿತ್ತು. ಹೊರಗೆ ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. ನಾನು ನೆಲ ಅದುರದಂತೆ ತುದಿಗಾಲಲ್ಲಿ ಒಳಹೊಕ್ಕೆ. ಷಡ್ಡಕ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ. ಎಂಥ ತಪಸ್ಸು!

“ಗುರುವೇ,” ಪಿಸುಗುಟ್ಟಿದೆ, “ಒಂದು ಅಕ್ಷರವೂ ಹಾಳಾಗದ ಹಾಗೆ ಇದನ್ನ ಹೇಗೆ ನಡೆಸ್ತೀರಿ?”

ಅವನು ಒಂದೇ ಕಣ್ಣು ತೆರೆದ.

“ಮೊದಲು ಬಾಗಿಲು ಹಾಕಪ್ಪಾ. ಕಂಪ್ಯೂಟರ್ ಕೆಟ್ಟು ಆರು ತಿಂಗಳಾಯ್ತು. ಕ್ಯಾಸೆಟ್ ಓಡ್ತಾ ಇದ್ರೆ ಯಾರೂ ಕೆಲಸ ಹೇಳಲ್ಲ, ಮಲ್ಕೋತೀನಿ.”