ತುಂಡು ತೊಳೆದು ನೋಡುವ ಮಾಮ

ನಮ್ಮ ಸೋದರಮಾವ ತೊಟ್ಟಿಲಲ್ಲೇ ನಿರ್ಧಾರ ಮಾಡುತ್ತಿದ್ದನೆಂದು ಕುರುಗೋಡಿನ ಅಜ್ಜಿಮನೆಯವರೆಲ್ಲ ಹೇಳುತ್ತಾರೆ. “ಅವಂಗ ಎರಡನೇ ಯೋಚನಿ ಅನ್ನೋದ ಇಲ್ಲ!” ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಗಂಟಲಿಗೆ ಕೈಹಾಕಿ ಪುರಾವೆ ಕಿತ್ತುಕೊಂಡು ಬಂದವಳು ನಾನು. ಇಂಥ ಮಾತನ್ನು ಸುಮ್ಮನೆ ಒಪ್ಪಲಾದೀತೇ?

ಅವರ ಮುಖ್ಯ ಸಾಕ್ಷ್ಯ, ನಮ್ಮಣ್ಣನಿಗೆ ಹೆಣ್ಣು ನೋಡಲು ಸಿರುಗುಪ್ಪಕ್ಕೆ ಹೋದ ಪ್ರಸಂಗ. ಆ ಮನೆಯವರು ಇನ್ನೂ ಚಾಪೆ ಹಾಸುತ್ತಿದ್ದರು. ಹುಡುಗಿ ಒಳಗೇ ಇದ್ದಳು. ಮಾಮ ಚಪ್ಪಲಿ ಬಿಡುತ್ತಲೇ ಘೋಷಿಸಿದ: “ನಮಗ ಒಪ್ಪಿಗಿ ಐತ್ರಿ.”

“ಹುಡುಗೀನ್ನರ ನೋಡ್ರಿ!” ಎಂದರು ಹುಡುಗಿಯ ತಂದೆ, ಗಾಬರಿಯಾಗಿ.

“ಅದು ನಮ್ಮ ಹುಡುಗನ ಕೆಲಸ. ನನ್ನ ಕೆಲಸ ಮುಗೀತು.”

ಬಂಧುಗಳು ಇವತ್ತಿಗೂ ಚಪ್ಪಾಳೆ ತಟ್ಟುವ ಕತೆ! ಆ ಹುಡುಗಿ ಅತ್ತಿಗೆಯಾಗಿ ಬಂದ ಮೇಲೆ ನಾನು ಪಾಟೀಸವಾಲು ಹಾಕಿದೆ. ಹೊರಬಿದ್ದದ್ದೇನು? ಅದಕ್ಕೆ ಮುಂಚೆ ಮೂರು ಭಾನುವಾರ ಮಾಮ ಅವರ ಓಣಿಯ ಚಹಾದಂಗಡಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಿದ್ದನಂತೆ!

“ಯಾರೋ ಭತ್ತದ ದಲ್ಲಾಳಿ ಇರಬೇಕು ಅನ್ಕೊಂಡಿದ್ವಿ” ಎಂದಳು ಅತ್ತಿಗೆ.

ಮಾಮನನ್ನು ಹಿಡಿದು ಕೇಳಿದೆ. ನಕ್ಕ. “ತುಂಡು ತೊಳದು ನೋಡಿದ್ನವ್ವಾ, ವಕೀಲಮ್ಮಾ.”

ಈ ಮಾತು ತಿಳಿಯಬೇಕಾದರೆ ಅವನ ಕಸುಬು ತಿಳಿಯಬೇಕು. ಮಾಮ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಕಡೆ ಕಟಿಂಗ್ ಮಾಸ್ಟರ್. ಮೇಜಿನ ಮೇಲೆ ನೂರು ಪದರ ಬಟ್ಟೆ ಹಾಸಿ, ಗೆರೆ ಎಳೆದು, ಒಂದೇ ಸಲಕ್ಕೆ ಮಷಿನ್ ಓಡಿಸುತ್ತಾನೆ. ತಪ್ಪಿದರೆ ನೂರೂ ತಪ್ಪು! ಹೊಲಿದ ಪ್ಯಾಂಟನ್ನು ತೊಳೆದಾಗ ಬಟ್ಟೆ ಕುಗ್ಗುತ್ತದೆ. ಹಾಗಾಗಿ ಹೊಸ ಬಟ್ಟೆ ಬಂದರೆ ಮೊದಲು ಒಂದು ತುಂಡು ತೊಳೆದು, ಎಷ್ಟು ಕುಗ್ಗಿತೆಂದು ಅಳೆಯಬೇಕು.

ಹರೆಯದಲ್ಲೊಮ್ಮೆ ಮಾಮ “ಮುಟ್ಟಿದ್ರ ಗೊತ್ತಾಗತೈತಿ ಬಿಡು” ಎಂದು ತೊಳೆಯದೆಯೇ ಕತ್ತರಿಸಿದ. ತೊಳೆದು ಬಂದ ಪ್ಯಾಂಟುಗಳು ದೊಡ್ಡವರಿಗೆ ಬಿಗಿ, ಮಕ್ಕಳಿಗೆ ಉದ್ದ! “ಯಾವನಲೇ ಇದನ್ನ ಕತ್ರಿಸಿದಾಂವ?” ಎಂದು ಮಾಲೀಕ ಸಿಡಿದಾಗ ಇಡೀ ಶೆಡ್ಡು ನೆಲ ನೋಡುತ್ತಿತ್ತು.

“ನಾನ್ರಿ” ಎಂದ ಮಾಮ.

ಅವನ ಧೈರ್ಯ ಹುಟ್ಟಿದ್ದು ತೊಟ್ಟಿಲಲ್ಲಲ್ಲ, ಆ ಎರಡಕ್ಷರದಲ್ಲಿ ಎಂಬುದು ನನ್ನ ವಾದ. ಉಳಿದದ್ದೆಲ್ಲ ಆಮೇಲೆ ತುಂಡು ತೊಳೆದು ತೊಳೆದು ಬಂದ ಅಭ್ಯಾಸ.

ವಾದ ಗೆದ್ದೆನೆಂದು ಬೀಗುತ್ತಿರುವಾಗಲೇ ಅಜ್ಜಿಯ ಕಾಲಿನ ಹೆಬ್ಬೆರಳು ಕಪ್ಪಾಯಿತು. ಸಕ್ಕರೆ ಕಾಯಿಲೆ. ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು: ಇವತ್ತೇ ಬೆರಳು ತೆಗೆದರೆ ಪಾದ ಉಳಿಯಬಹುದು, ತಡವಾದರೆ ಮೊಣಕಾಲಿನವರೆಗೂ ಹೋದೀತು. ಆದರೆ ಅಜ್ಜಿಯ ಹೃದಯ ದುರ್ಬಲ, ಆಪರೇಷನ್ನಿನಲ್ಲೂ ಜೀವಕ್ಕೆ ಅಪಾಯವಿದೆ. “ಒಂದು ತಾಸಿನಾಗ ಹೇಳ್ರಿ.”

ಎಲ್ಲರ ಕಣ್ಣೂ ಮಾಮನ ಮೇಲೆ. ಅವನು ಆಪರೇಷನ್ನಿನ ಒಪ್ಪಿಗೆ ಕಾಗದ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದ. ಹಾಕಿದ. ಮತ್ತೆ ತೆಗೆದ.

“ಹೇಳೋ ತಮ್ಮಾ, ಹೊತ್ತು ಹೊಂಟೈತಿ” ಎಂದಳು ಅಮ್ಮ.

ಏನು ಹೇಳುತ್ತಾನೆ? ಮೊದಲು ತೊಳೆದು ನೋಡಲು ಬೆರಳಿಗೆ ಎಲ್ಲಿಯ ತುಂಡು? ಪರ, ವಿರೋಧ ಎರಡನ್ನೂ ನಾನು ತೂಗಿ ನೋಡಿದೆ, ತಕ್ಕಡಿ ಎತ್ತಲೂ ವಾಲಲಿಲ್ಲ. ಅರ್ಧ ತಾಸು ಹೋಯಿತು. ನರ್ಸ್ ಎರಡು ಸಲ ಬಂದು ಕಾಗದ ನೋಡಿ ಹೋದಳು.

ಕೊನೆಗೆ ಮಾಮ ಎದ್ದು ಹೋಗಿ ಅಜ್ಜಿಯ ಮಂಚದ ಅಂಚಿಗೆ ಕೂತ. ನಾವೆಲ್ಲ ಅವಳಿಂದ ಮುಚ್ಚಿಟ್ಟಿದ್ದನ್ನು ಅಷ್ಟೂ ಹೇಳಿದ, ಹೃದಯದ ವಿಷಯವನ್ನೂ.

“ಕಾಲು ನಿಂದವ್ವಾ. ನನಗ ತಿಳೀವಲ್ದು. ನೀನ ಹೇಳು.”

ಈ ಮಾಮನ ಬಾಯಲ್ಲಿ ‘ತಿಳೀವಲ್ದು’ ಎಂಬ ಮಾತನ್ನು ನಾವ್ಯಾರೂ ಕೇಳಿರಲಿಲ್ಲ. ಅಜ್ಜಿ ಅವನನ್ನೇ ದಿಟ್ಟಿಸಿದಳು.

“ದಿನಾ ನೂರಾರು ಪ್ಯಾಂಟಿನ ಕಾಲು ಕತ್ರಸ್ತಿ, ನಿಮ್ಮವ್ವನ ಒಂದು ಬೆರಳಿಗೆ ಬೆವರಾಕತ್ತೀಯಲ್ಲಲೇ! ತಗಸು.”

ಮಾಮ ಸಹಿ ಹಾಕಿದ. ಅಕ್ಷರ ಸಾಲಿನ ಆಚೆಗೆ ಜಾರಿತ್ತು.

ಅಜ್ಜಿ ಬದುಕಿದಳು. ಪಾದವೂ ಉಳಿಯಿತು. “ಸಟ್ಟನ ಸಹಿ ಹಾಕಿಬಿಟ್ಟ ನೋಡ್ರಿ!” ಎಂದು ಬಂಧುಗಳು ಈಗಾಗಲೇ ಶುರುಮಾಡಿದ್ದಾರೆ. ನಾನು ತಕರಾರು ಎತ್ತಿಲ್ಲ. ದಿನಾ ಸಂಜೆ ಮಾಮ ನೆಲದ ಮೇಲೆ ಕೂತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಬದಲಿಸುತ್ತಾನೆ. ನಿನ್ನೆ ಪಕ್ಕದಲ್ಲಿ ಕೂತು ಹತ್ತಿ ಹಿಡಿದುಕೊಂಡಿದ್ದ ನಾನು, ಅಜ್ಜಿಗೆ ಕೇಳಿಸದಂತೆ, ಮೆಲ್ಲಗೆ ಕೇಳಿದೆ:

“ಮಾಮ, ಅಜ್ಜಿ ಬ್ಯಾಡ ಅಂದಿದ್ರ ಏನ್ ಮಾಡ್ತಿದ್ದಿ?”