ಒಲ್ಲೆ ಅನ್ನುವ ತಾಲೀಮು

ನನ್ನ ಮೊಮ್ಮಗಳಿಗೆ ತಲೆ ಕೆಟ್ಟಿದೆ ಎಂದು ಮಸಗುಪ್ಪಿಯಲ್ಲಿ ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಕೂಡಿಸಿ, ಚಹಾ ಕೊಟ್ಟು, ಅವರಿಗೆ ಗೊತ್ತಿಲ್ಲದ್ದನ್ನೂ ಹೇಳಿ ಕಳಿಸುತ್ತೇನೆ!

ಹುಡುಗಿ ಗೋಕಾಕದಲ್ಲಿ ಮನಃಶಾಸ್ತ್ರ ಓದುತ್ತಾಳೆ. ಎರಡನೆಯ ಇಯತ್ತೆಗೇ ಸಾಲಿ ಬಿಟ್ಟ ನನಗೆ ಅದೇನೆಂದು ತಿಳಿಯದು. ಕೇಳದೆ ಏನನ್ನೂ ಮಾಡಬಾರದು ಎನ್ನುವ ಶಾಸ್ತ್ರವಿರಬೇಕು. ನನ್ನ ತಲೆಗೆ ಎಣ್ಣೆ ಹಚ್ಚುವಾಗಲೂ, "ಆಯಿ, ಹಚ್ಚಲ್ಯಾ? ನಡುವ ಬ್ಯಾಡ ಅನಿಸಿದ್ರ ಹೇಳು, ಬಿಡ್ತೇನಿ." ಅರ್ಧ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಯಾರು ಬಿಡಿಸುತ್ತಾರೆ? ಎಮ್ಮೆಯನ್ನೂ ಕೇಳಿಯೇ ಹಿಂಡುತ್ತಾಳೆ. ಒಮ್ಮೆ ಅದು ಒದೆಯಿತು. "ಒಪ್ಪಲಿಲ್ಲ" ಎಂದು ಬರಿ ಚರಿಗೆ ಹಿಡಿದು ಬಂದಳು. ಅಂದು ಮನೆಮಂದಿಗೆಲ್ಲ ಕರಿ ಚಹಾ.

ಈ ಸಲ ಅವಳು ಪರೀಕ್ಷೆಗೆ ಮುದುಕಿಯರಿಂದ ಅವರ ಮದುವೆಯ ನೆನಪು ಕೇಳಿ ಬರೆಯಬೇಕಿತ್ತು. ಓಣಿಯವರೆಲ್ಲ ವಿಷಯ ಕೇಳುವ ಮೊದಲೇ ಹೂಂ ಅಂದರು. ಬಾಗಿಲಿಗೆ ಬಂದ ಮಗುವಿಗೆ ಇಲ್ಲ ಅನ್ನುವ ರೀತಿ ನಮ್ಮಲ್ಲಿಲ್ಲ. ಹುಡುಗಿ ತಲೆ ಹಿಡಿದು ಕೂತಳು.

"ಒಲ್ಲೆ ಅನ್ನಾಕ ಬರದವರ ಹೂಂ ನಡಿಯಂಗಿಲ್ಲ ಆಯಿ. ನನ್ನ ವರ್ಷ ಹೋಗ್ತೈತಿ."

ಶುರುವಾಯಿತು ನೋಡಿ, ನಮ್ಮ ಕಟ್ಟೆಯ ಮೇಲೆ ಒಲ್ಲೆ ಅನ್ನುವ ತಾಲೀಮು! ಕರದಂಟು ಮುಂದೆ ಹಿಡಿದು "ಒಲ್ಲೆ ಅನ್ರಿ" ಅನ್ನುವಳು. ಬಾಜೂ ಮನೆಯ ಗೌರವ್ವ ಒಲ್ಲೆ ಅನ್ನುತ್ತಲೇ ಕೈ ಚಾಚಿದಳು.

"ಮತ್ತ ಈ ಕೈ?"

"ಬಾಯಿಗೆ ಕಲಿಸಿದಿ ತಂಗಿ, ಕೈಗೆ ಇನ್ನೂ ಕಲಿಸಿಲ್ಲ."

ಆದರೂ ಕಲಿತರು. ಗೌರವ್ವ ಗಂಡನಿಗೆ ಎರಡನೆಯ ಸಲ ಚಹಾ ಮಾಡಲು ಒಲ್ಲೆ ಅಂದಳು. ಅವನು ನಮ್ಮಲ್ಲಿಗೆ ಬಂದು, "ಏನ್ ಕಲಸಾಕತ್ತೀರಿ ಇಲ್ಲಿ?" ಎಂದ. ಕೊನೆಗೆ ಮೊಮ್ಮಗಳು ಮೊಬೈಲ್ ಹಿಡಿದು ಕಥೆ ಕೇಳಲು ಹೋದ ದಿನ, ಮಗು ಪಾಸಾಗಲಿ ಎಂಬ ಪ್ರೀತಿಯಿಂದ ಓಣಿಗೆ ಓಣಿಯೇ "ಒಲ್ಲೆ" ಅಂದಿತು!

ಉಳಿದವಳು ನಾನೊಬ್ಬಳೇ. ನಾನೂ ಕೈಬಿಟ್ಟರೆ ಅವಳ ವರ್ಷ ಮುಳುಗಿದಂತೆಯೇ.

"ಆಯಿ, ಮದಿವಿಗೆ ನಿನ್ನ ಯಾರರ ಕೇಳಿದ್ರೇನು?"

ನನ್ನ ಬಾಯಿಂದ "ಒಲ್ಲೆ" ಬಂತು. ಹೇಗೆ ಬಂತೋ ಕಾಣೆ.

ಅವಳು ಮೊಬೈಲ್ ಆರಿಸಿಬಿಟ್ಟಳು. ಯಾಕೆ ಅನ್ನಲಿಲ್ಲ, ವರ್ಷದ ಮಾತು ಎತ್ತಲಿಲ್ಲ. "ಆತು ಆಯಿ" ಎಂದು ನನ್ನ ಮಗ್ಗುಲಿಗೆ ಸರಿದು ಶೇಂಗಾ ಸುಲಿಯತೊಡಗಿದಳು.

ಲಂಗ ಉಡುವ ವಯಸ್ಸಿನಲ್ಲಿ ಹಸೆಗೆ ಕೂಡಿಸಿದಾಗ ಅಳುತ್ತ ಇದೇ ಮಾತು ಅಂದಿದ್ದೆ. ಬಾಜಾದವರು ಇನ್ನೂ ಜೋರಾಗಿ ಬಾರಿಸಿದ್ದರು. ಈಗ ಒಬ್ಬಳು ಆ ಮಾತು ಕೇಳಿ, ಅಲ್ಲಿಗೇ ನಿಲ್ಲಿಸಿದಳು.

ಶೇಂಗಾ ಮುಗಿಯುವವರೆಗೆ ಹಿಗ್ಗು ತಡೆದುಕೊಂಡೆ.

"ಏ ಹುಡುಗಿ, ಆ ಮೊಬೈಲ್ ಹಚ್ಚು. ಹೇಳ್ತೇನಿ."

"ಖರೇನ? ನಡುವ ಬ್ಯಾಡ ಅನಿಸಿದ್ರ..."

"ಗೊತ್ತೈತಿ. ಅದಕ್ಕ ಹೇಳಾಕತ್ತೇನಿ."