ಹುಲಿಯ ಎದುರಿನ ಪುಟ

ನನ್ನ ಸೋದರಮಾವ ಕಾಡುಪ್ರಾಣಿಗಳ ಚಿತ್ರ ಬಿಡಿಸುವುದರಲ್ಲಿ ಇಡೀ ಮಂಗಳೂರಿಗೇ ಹೆಸರುವಾಸಿ. ಕಾಡಿಗೆ ಮಾತ್ರ ಒಮ್ಮೆಯೂ ಹೋದವರಲ್ಲ! ಬಸ್ಸು ಊರಂಚಿನ ಪಡೀಲು ದಾಟಿದರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು.

ಹಾಗಾದರೆ ಹುಲಿಯನ್ನು ನೋಡಿದ್ದೆಲ್ಲಿ? ಮನೆಯ ಜಗಲಿಯಲ್ಲಿ! ನವರಾತ್ರಿಯ ಮಾರ್ನೆಮಿಗೆ ಕುಣಿಯಲು ಬಂದ ಹುಲಿವೇಷದವನನ್ನೇ ನಾಲ್ಕು ಕಾಲಿನಲ್ಲಿ ನಿಲ್ಲಿಸಿ ಬಿಡಿಸಿದರು. ಅತ್ತೆಗೋ ವೇಷದ ಹುಲಿ ಕಂಡರೂ ಜೀವ ಹಾರುತ್ತಿತ್ತು. ಆದರೆ ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡದಿದ್ದರೆ ಆಗುತ್ತದೆಯೇ? ಬಾಗಿಲ ಸಂದಿಯಿಂದ ತಟ್ಟೆಯನ್ನು ಕೋಲಿನಲ್ಲಿ ತಳ್ಳಿ, "ಹುಲಿಯವರೇ, ಬಾಯಾರಿಕೆಗೆ ಕುಡೀರಿ" ಎಂದರು. ಹುಲಿ ಕೆನ್ನೆಯಲ್ಲಿ ಬೆಲ್ಲ ಇಟ್ಟುಕೊಂಡೇ ನಿಂತಿತು. ಮಾವ ಕಂಡದ್ದನ್ನು ಕಂಡಂತೆ ಬರೆದರು: ಮನುಷ್ಯರ ಮಂಡಿ, ಉಬ್ಬಿದ ಕೆನ್ನೆ! ಅತ್ತೆ ಆ ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ.

ಕೆಲವು ವರ್ಷಗಳ ನಂತರ ಊರಿನ ದೊಡ್ಡ ಸಭಾಂಗಣದಲ್ಲಿ ಮಾವನ ಚಿತ್ರಪ್ರದರ್ಶನ ನಿಶ್ಚಯವಾಯಿತು. ಅಷ್ಟರಲ್ಲಿ ಅತ್ತೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಪ್ರದರ್ಶನ ನೋಡುವ ಆಸೆ ಮಾತ್ರ ಬೆಟ್ಟದಷ್ಟು. ಮುದ್ರಣಾಲಯದಲ್ಲಿದ್ದ ನನ್ನ ತಲೆಗೆ ಕ್ಯಾಟಲಾಗಿನ ಕೆಲಸ ಬಿತ್ತು.

ನಾನು ಹುಲಿಯ ಎದುರಿನ ಪುಟದಲ್ಲಿ ಜಿಂಕೆಯನ್ನಿಟ್ಟೆ. ಮಾವ ಹೌಹಾರಿದರು.

"ಪುಸ್ತಕ ಮುಚ್ಚಿದರೆ ಹುಲಿಯ ಬಾಯಿ ಸೀದಾ ಜಿಂಕೆಯ ಕುತ್ತಿಗೆಗೆ! ಮತ್ತೆ ಅದರ ಗತಿ ಎಂತ ಮಾರಾಯ?"

"ಮಾವ, ಅದು ಕಾಗದ!"

"ಜಿಂಕೆಗೆ ಅದು ಗೊತ್ತುಂಟಾ?"

ಕೊನೆಗೆ ಹುಲಿಯ ಎದುರಿನ ಪುಟ ಖಾಲಿ ಉಳಿಯಿತು. ಅಷ್ಟಕ್ಕೇ ಮುಗಿಯಿತೇ? ಮೊಲಕ್ಕೂ ಇಡೀ ಪುಟ ಕೊಟ್ಟ ಮಹಾನುಭಾವರು, ಪ್ರದರ್ಶನದ ರಾಜನಾದ ಹುಲಿ ಮಾತ್ರ ಅಂಗೈಯಷ್ಟೇ ಇರಬೇಕೆಂದು ಹಟ ಹಿಡಿದರು. ಕರಡು ಅಚ್ಚಿನ ಮೇಲೆ ಕೈಯಿಟ್ಟು ಅಳೆದೂ ನೋಡಿದರು! ಜನ ಬರುವುದೇ ಹುಲಿ ನೋಡಲು ಎಂದು ನಾನು ಗಂಟಲು ಹರಿದುಕೊಂಡೆ. "ನೀನು ಹೇಳಿದ ಹಾಗೆ ಮಾಡು" ಎಂದರು. ತಿದ್ದಿಕೊಂಡು "ಅಲ್ಲ, ನಾನು ಹೇಳಿದ ಹಾಗೆ" ಎಂದರು.

ಪ್ರದರ್ಶನದ ದಿನ ಕಲೆಕ್ಟರ್ ಸಾಹೇಬರು ಬಂದು ನಿಂತರು. ಮಾವನೇ ನಾಪತ್ತೆ! ಸಿಟ್ಟಿನಿಂದ ಬೆವರುತ್ತ ಮನೆಗೆ ಓಡಿದೆ.

ಮಾವ ಅತ್ತೆಯ ಮಂಚದ ಪಕ್ಕ ಕುಳಿತು ಕ್ಯಾಟಲಾಗಿನ ಪುಟ ತಿರುವುತ್ತಿದ್ದರು. ಹುಲಿ ಬಂದ ಕೂಡಲೇ ಅಂಗೈಯಿಂದ ಮುಚ್ಚಿದರು. ಬಾಲದ ತುದಿಯೂ ಹೊರಗೆ ಕಾಣಲಿಲ್ಲ. ಆ ಅಳತೆ ಯಾರಿಗಾಗಿ ಎಂದು ನನಗೆ ಆಗ ತಿಳಿಯಿತು.

"ಕೈ ತೆಗೀರಿ. ನೀವು ಹತ್ತಿರ ಇದ್ದೀರಲ್ಲ" ಎಂದರು ಅತ್ತೆ.

ಮಾವ ಒಂದೊಂದೇ ಬೆರಳು ಸರಿಸಿದರು. ಅತ್ತೆ ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ ಸೊಟ್ಟಗಾದ ಬಾಯಲ್ಲೇ ನಕ್ಕುಬಿಟ್ಟರು.

"ಅಯ್ಯೋ, ಇದು ನಮ್ಮ ಬೆಲ್ಲ-ನೀರಿನ ಹುಲಿ ಅಲ್ವಾ! ಕೆನ್ನೆಯಲ್ಲಿ ಬೆಲ್ಲ ಇನ್ನೂ ಉಂಟು!"

ಹಾಸಿಗೆ ಹಿಡಿದ ಮೇಲೆ ಅತ್ತೆ ನಕ್ಕದ್ದನ್ನು ನಾನು ಕಂಡದ್ದು ಅಂದೇ. ಮಾವ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ.

"ಎಂತ ಬಂದದ್ದು ನೀನು?" ಎಂದರು ಮಾವ.

"ಸುಮ್ಮನೆ" ಎಂದೆ. ಕಲೆಕ್ಟರು ಇನ್ನಷ್ಟು ಹೊತ್ತು ಕಾಯಲಿ, ಇಲ್ಲಿ ಆನೆಯ ಪುಟ ಬಾಕಿಯಿತ್ತು.